ನಾಲ್ಕು ಜಿಬಿಯೊಳಗಿನ ಧಾರೆ

ಚಿತ್ರ ಚೆನ್ನಾಗಿ ಕಾಣಬೇಕು, ಫೈಲು ಮಾತ್ರ ಚಿಕ್ಕದಿರಬೇಕು. ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರೂ ತಾಲೂಕುಗಳಲ್ಲಿ ಇದನ್ನು ಹೇಳದ ಗಿರಾಕಿಯನ್ನು ನಾನಿನ್ನೂ ಕಂಡಿಲ್ಲ. ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಸ್ಟುಡಿಯೋ ಇಟ್ಟುಕೊಂಡು ಇಪ್ಪತ್ತು ವರ್ಷದಿಂದ ಮದುವೆ ವಿಡಿಯೊ ಮಾಡುತ್ತಿದ್ದೇನೆ. ಫೋರ್ ಕೆ ಬೇಕು ಎಂದು ಪಟ್ಟು ಹಿಡಿಯುತ್ತಾರೆ, ಎರಡು ಕ್ಯಾಮೆರಾ ಹಾಕಿಸುತ್ತಾರೆ, ಕೊನೆಗೆ ಗಾಜು ಒಡೆದ ಫೋನಿನಲ್ಲಿ ನೋಡಿ ಕ್ಲಾರಿಟಿ ಇಲ್ಲ ಎನ್ನುತ್ತಾರೆ. ವಾಟ್ಸಾಪಿನಲ್ಲಿ ಕಳಿಸಿಬಿಡಿ ಎನ್ನುತ್ತಾರೆ. ಐದು ಗಂಟೆಯ ಮದುವೆಯನ್ನು ವಾಟ್ಸಾಪಿನಲ್ಲಿ ಹೇಗಪ್ಪಾ ಕಳಿಸುವುದು ಎಂದರೆ, ಬೇರೆಯವರು ಕಳಿಸುತ್ತಾರಲ್ಲ ಎಂದು ನನ್ನ ಮುಖವನ್ನೇ ನೋಡುತ್ತಾರೆ. ಆ ಬೇರೆಯವರು ಯಾರು ಎಂದು ನನಗೆ ಇವತ್ತಿನವರೆಗೂ ಗೊತ್ತಾಗಿಲ್ಲ.

ಇಂಥ ಗಿರಾಕಿಗಳಲ್ಲೆಲ್ಲ ನನ್ನ ತಲೆ ಚಿಟ್ಟು ಹಿಡಿಸಿದವರು ಮುಳ್ಳೂರಿನ ಒಬ್ಬ ತಾಯಿ. ಅವರ ಮಗನ ಮದುವೆ ಯಳಂದೂರಿನ ಒಂದು ಕಲ್ಯಾಣ ಮಂಟಪದಲ್ಲಿ ಆಗಿತ್ತು. ವಿಡಿಯೊ ನಾನೇ ಮಾಡಿದ್ದೆ. ಆಲ್ಬಮ್ಮು, ವಿಡಿಯೊ ಎಲ್ಲ ಒಪ್ಪಿಸಿ, ಇನ್ನು ಇವರ ಗೋಜು ಮುಗಿಯಿತು ಎಂದುಕೊಂಡಿದ್ದೆ, ಮದುವೆಯಾಗಿ ನಾಲ್ಕು ತಿಂಗಳಾದ ಮೇಲೆ ಒಂದು ದಿನ ಬೆಳಿಗ್ಗೆ ಬಾಗಿಲಲ್ಲಿ ನಿಂತಿದ್ದರು. ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ಫೋನು ಮಾಡಿ ಕೇಳುವ ಪದ್ಧತಿಯೇ ಹೋಗಿದೆ, ನೇರವಾಗಿ ಬಂದು ಕೂರುತ್ತಾರೆ. ಸೆರಗಿನ ತುದಿಯ ಗಂಟು ಬಿಚ್ಚಿ ಒಂದು ಪೆನ್‌ಡ್ರೈವ್ ತೆಗೆದು ನನ್ನ ಮೇಜಿನ ಮೇಲಿಟ್ಟರು. ಮದುವೆಯ ವಿಡಿಯೊ ಇದರಲ್ಲಿ ಹಾಕಿಕೊಡಿ, ನಮ್ಮ ಟಿವಿಯಲ್ಲಿ ಓಡಬೇಕು, ಧಾರೆ ಎರೆಯುವಾಗ ನಮ್ಮಕ್ಕ ಚೆನ್ನಾಗಿ ಕಾಣಬೇಕು ಎಂದರು.

ಅಕ್ಕನೇ ಯಾಕೆ ಎಂದು ಕೇಳಿದ್ದೇ ತಪ್ಪಾಯಿತು. ಅರ್ಧ ಗಂಟೆ ಕೂತು ಹೇಳಿದರು. ಅಕ್ಕ ಬಂಡಳ್ಳಿಯವರು. ಈ ಮಗ ಹುಟ್ಟಿದಾಗ ತಾಯಿಗೆ ಮೈಯಲ್ಲಿ ಸರಿಯಿಲ್ಲದೆ, ಎರಡು ವರ್ಷ ದೊಡ್ಡಮ್ಮನೇ ಅವನನ್ನು ಸಾಕಿದ್ದರು. ಹಾಗಾಗಿ ಗಂಡುಹೆಣ್ಣಿನ ಕೈಮೇಲೆ ಹಾಲಿನ ಧಾರೆ ಎರೆಯುವಾಗ, ತಂದೆತಾಯಿ ಎರೆದ ಮೇಲೆ ಮೊದಲ ಸರದಿ ದೊಡ್ಡಮ್ಮನದು ಎಂದು ಮನೆಯಲ್ಲಿ ಮಾತಾಗಿತ್ತು. ಮದುವೆ ಮುಗಿದ ಮೇಲೆ ಅಕ್ಕ ಊಟಕ್ಕೂ ನಿಲ್ಲದೆ ಹೊರಟುಹೋದರು. ನನ್ನ ಕೈಲಿ ಧಾರೆ ಎರೆಸಲಿಲ್ಲ ಎಂದು ನೆಂಟರಿಗೆಲ್ಲ ಹೇಳಿದರು. ತಂಗಿಯಾದ ಈಕೆ, ನಾನೇ ಹೆಸರು ಹಿಡಿದು ಕೂಗಿ ಕರೆದೆ, ಅವಳು ಮಂಟಪ ಹತ್ತಿ ಹಾಲಿನ ಗಿಂಡಿ ಹಿಡಿದದ್ದನ್ನು ನಾನೇ ಕಣ್ಣಾರೆ ಕಂಡೆ, ಅವಳು ಹೇಳುವುದು ಸುಳ್ಳು ಎಂದರು. ಅದನ್ನೂ ನೆಂಟರ ಮುಂದೆಯೇ ಅಂದರು. ಆವತ್ತಿನಿಂದ ಅಕ್ಕತಂಗಿಯರಿಗೆ ಮಾತಿಲ್ಲ. ಈಗ ವಿಡಿಯೊ ತೆಗೆದುಕೊಂಡು ಹೋಗಿ ಅಕ್ಕನ ಟಿವಿಯಲ್ಲೇ ಹಾಕಿ ತೋರಿಸಬೇಕು, ನೀನು ಎರೆದಿದ್ದೀಯ ನೋಡು ಎನ್ನಬೇಕು.

ನಾನು ಸಮಾಧಾನವಾಗಿಯೇ ಕೇಳಿಸಿಕೊಂಡೆ. ನಾನು ಕೈಯಲ್ಲಿ ಹಿಡಿದ ಕ್ಯಾಮೆರಾದಲ್ಲಿ ಆ ಹೊತ್ತಿಗೆ ಗಂಡುಹೆಣ್ಣು, ಅವರ ಪಕ್ಕದಲ್ಲಿದ್ದ ತಂದೆತಾಯಿ ಮಾತ್ರ ಬಿದ್ದಿದ್ದರು. ಆದರೆ ಮಂಟಪದ ಮೂಲೆಯಲ್ಲಿ ಸ್ಟ್ಯಾಂಡಿನ ಮೇಲೆ ಇನ್ನೊಂದು ಕ್ಯಾಮೆರಾ ತನ್ನ ಪಾಡಿಗೆ ಓಡುತ್ತಿತ್ತು. ಅದರಲ್ಲಿ ಹುಡುಕಿದೆ. ನನ್ನ ಕಂಪ್ಯೂಟರಿಗೆ ವಯಸ್ಸಾಗಿದೆ, ಮೂಲ ವಿಡಿಯೊ ತೆರೆದರೆ ತೆವಳುತ್ತದೆ, ಅದಕ್ಕೆ ಎಡಿಟ್ ಮಾಡುವಾಗ ನಾನು ನೋಡುವುದು ಮೂಲದ ಸಣ್ಣ ನಕಲನ್ನು. ಆ ನಕಲಿನಲ್ಲಿ ಹಸಿರು ಸೀರೆಯ ಹೆಂಗಸು ಗಿಂಡಿ ಹಿಡಿದು ನಿಂತದ್ದು ಕಂಡಿತು. ಇದ್ದಾರಲ್ಲ, ಸರಿ ಎಂದು ಮುಂದೆ ನೋಡದೆ ಆ ಅರ್ಧ ನಿಮಿಷವನ್ನು ಧಾರೆಯ ಜಾಗಕ್ಕೆ ಸೇರಿಸಿ, ಒಂದೇ ಫೈಲಾಗಿ ಹೊರಬರಲಿ ಎಂದು ಎಕ್ಸ್‌ಪೋರ್ಟಿಗೆ ಹಾಕಿ, ಮಧ್ಯಾಹ್ನಕ್ಕೆ ಪೆನ್‌ಡ್ರೈವ್ ಕೈಗೆ ಕೊಟ್ಟು ಕಳಿಸಿದೆ.

ಮಾರನೆಯ ದಿನ ಬೆಳಿಗ್ಗೆ ಮತ್ತೆ ಬಾಗಿಲಲ್ಲಿ. ಟಿವಿ ಪೆನ್‌ಡ್ರೈವನ್ನೇ ಗುರುತಿಸುತ್ತಿಲ್ಲವಂತೆ. ಆಗ ಗೊತ್ತಾಯಿತು, ಅಕ್ಕತಂಗಿಯರು ಹತ್ತು ವರ್ಷದ ಹಿಂದೆ ಒಂದೇ ದಿನ ಒಂದೇ ಅಂಗಡಿಗೆ ಹೋಗಿ ಒಂದೇ ಥರದ ಟಿವಿ ತಂದಿದ್ದರು. ಇಲ್ಲಿ ಓಡಿದರೆ ಅಲ್ಲಿ ಓಡುತ್ತದೆ, ಇಲ್ಲಿ ಓಡದಿದ್ದರೆ ಅಲ್ಲಿಯೂ ಓಡುವುದಿಲ್ಲ. ಆ ಟಿವಿಗೆ ಹಳೇ ರೀತಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವೇ ಆಗಬೇಕು. ಹಾಗೆ ಫಾರ್ಮ್ಯಾಟ್ ಮಾಡಿದರೆ ನಾಲ್ಕು ಜಿಬಿಗಿಂತ ದೊಡ್ಡ ಫೈಲು ಅದರೊಳಗೆ ಕೂರುವುದಿಲ್ಲ. ನನ್ನ ಫೈಲು ಇಪ್ಪತ್ತು ಜಿಬಿ ದಾಟಿತ್ತು.

ಅದಕ್ಕೇನಂತೆ, ವಿಡಿಯೊ ಅದುಮಿ ಚಿಕ್ಕದು ಮಾಡುವ ಹೊಸ ಕೊಡೆಕ್ ಇದೆಯಲ್ಲ, ಅರ್ಧ ಗಾತ್ರದಲ್ಲಿ ಅಷ್ಟೇ ಚಂದದ ಚಿತ್ರ ಕೊಡುತ್ತದೆ ಎಂದು ಜಂಬದಿಂದ, ಅದರಲ್ಲೇ ಇನ್ನಷ್ಟು ಹಿಂಡಿ ನಾಲ್ಕು ಜಿಬಿಯೊಳಗೆ ಮಾಡಿಕೊಟ್ಟೆ. ಮೂರನೆಯ ದಿನ ಬಂದು, ವಾಲಗ ಕೇಳಿಸುತ್ತೆ, ಮಂತ್ರ ಕೇಳಿಸುತ್ತೆ, ಟಿವಿ ಮಾತ್ರ ಕಪ್ಪಗೈತೆ ಎಂದರು. ಹತ್ತು ವರ್ಷದ ಟಿವಿಗೆ ಹೊಸ ಕೊಡೆಕ್ ಹೇಗೆ ಅರ್ಥವಾಗಬೇಕು? ನನ್ನ ಹಣೆ ನಾನೇ ಚಚ್ಚಿಕೊಂಡೆ. ಹಳೇ ಕೊಡೆಕ್ಕಿನಲ್ಲೇ, ನಾಲ್ಕು ಜಿಬಿಯೊಳಗೆ ಅದುಮಿ ಮೂರನೆಯ ಸಲ ಕೊಟ್ಟೆ. ಅದು ಓಡಿತು. ಆದರೆ ಧಾರೆ ಬಂದಾಗ ಎಲ್ಲರ ಮುಖವೂ ಕಲಸಿದ ಹಿಟ್ಟಾಗಿತ್ತು.

“ಅಸ್ರು ಸೀರೆ ಕಾಣ್ತದೆ ಸಾ, ಅದ್ರೊಳ್ಗೆ ನಮ್ಮಕ್ಕ ಇಲ್ಲ” ಎಂದರು.

ನನಗೆ ಮೈ ಪರಚಿಕೊಳ್ಳುವಂತಾಯಿತು. ಕೂರಿಸಿ ಬಿಡಿಸಿ ಹೇಳಿದೆ. ಕೊಳಗದಲ್ಲಿ ಇರುವುದು ಇಷ್ಟೇ ಪಾಯಸ. ಪಂಕ್ತಿ ಉದ್ದವಾದಷ್ಟೂ ಒಂದೊಂದು ಎಲೆಗೆ ಬೀಳುವುದು ಕಡಿಮೆ. ನಾಲ್ಕು ಜಿಬಿ ಎಂಬುದು ಕೊಳಗ, ನಿಮ್ಮ ಐದು ಗಂಟೆಯ ಮದುವೆಯ ಒಂದೊಂದು ಸೆಕೆಂಡೂ ಒಂದೊಂದು ಎಲೆ. ಎಲೆಗೆ ಎಷ್ಟು ಬೀಳಬೇಕು ಎಂದು ನಾನು ಒಂದು ಸಂಖ್ಯೆ ಹಾಕಬೇಕು, ಅದಕ್ಕೆ ಬಿಟ್‌ರೇಟ್ ಎನ್ನುತ್ತಾರೆ. ಸಂಖ್ಯೆ ಏರಿಸಿದರೆ ಕೊಳಗ ಸಾಲದು, ಇಳಿಸಿದರೆ ನಿಮ್ಮಕ್ಕನಿಗೆ ಮುಖವಿಲ್ಲ. ಆಕೆ ಎಲ್ಲವನ್ನೂ ತಲೆಯಾಡಿಸಿ ಕೇಳಿ, ಸರಿ ಬುಡಿ, ನಮ್ಮಕ್ಕನ ಎಲೆಗೆ ಜಾಸ್ತಿ ಬಡಿಸಿ ಎಂದರು.

ಹಾಗಾದರೆ ಎರಡು ಭಾಗ ಮಾಡುತ್ತೇನೆ, ಒಂದು ಫೈಲು ಧಾರೆಯವರೆಗೆ, ಇನ್ನೊಂದು ಆಮೇಲಿನದು ಎಂದೆ. ಈ ಮಾತಿಗೆ ಅವರು ಕೂತಲ್ಲಿಂದ ಎದ್ದುಬಿಟ್ಟರು. ಮದುವೆಯನ್ನು ಯಾರಾದರೂ ತುಂಡು ಮಾಡುತ್ತಾರಾ ಎಂದು ಕೇಳಿದರು. ಹಿಂದೆ ಡಿವಿಡಿ ಕಾಲದಲ್ಲಿ ಎಲ್ಲ ಮದುವೆಗಳನ್ನೂ ಎರಡು ತಟ್ಟೆಯಲ್ಲಿ ಕೊಡುತ್ತಿದ್ದೆವು, ಯಾರಿಗೇನು ಆಯಿತು ಎಂದು ವಾದಿಸಿದೆ.

“ನಮ್ ಮೈದುನನ್ ಮದ್ವೆ ನೀವೇ ಅಂಗ್ ಮಾಡ್ಕೊಟ್ಟಿದ್ರಿ. ಈಗ ಅವ್ನೊಂದ್ ಕಡೆ, ಅವ್ಳೊಂದ್ ಕಡೆ.”

ಗಂಡಹೆಂಡತಿ ಬೇರೆಯಾದದ್ದೂ ನನ್ನ ಸ್ಟುಡಿಯೋದ ತಲೆಗೇ ಬಂತು. ಧಾರೆಯ ಅರ್ಧ ನಿಮಿಷವನ್ನಷ್ಟೇ ಕತ್ತರಿಸಿ ಬೇರೆಯಾಗಿ ಕೊಡುತ್ತೇನೆ, ಅಕ್ಕನಿಗೆ ಅಷ್ಟೇ ತೋರಿಸಿ ಎಂದೆ. ಅದೂ ಬೇಡವಂತೆ. ಬರೀ ಅಷ್ಟು ತೋರಿಸಿದರೆ, ಎಲ್ಲಿಂದಲೋ ತಂದು ಅಂಟಿಸಿದ್ದಾರೆ ಎಂದು ಅಕ್ಕ ಅನ್ನದೆ ಬಿಡುವುದಿಲ್ಲ. ಮೊದಲಿಂದ ಕೊನೆಯವರೆಗೆ ಮದುವೆ ಇಡಿಯಾಗಿ ಓಡಬೇಕು, ಓಡುತ್ತಾ ಓಡುತ್ತಾ ಧಾರೆ ಬರಬೇಕು. ಸತ್ಯ ಹೇಳಬೇಕೆಂದರೆ ಈ ಮಾತು ನನಗೂ ಸರಿಯೆನಿಸಿತು. ಸರಿಯೆನಿಸಿದ್ದಕ್ಕೇ ಇನ್ನಷ್ಟು ಸಿಟ್ಟು ಬಂತು.

ಉಳಿದದ್ದು ಒಂದೇ ದಾರಿ, ಪಂಕ್ತಿ ಮೊಟಕು ಮಾಡುವುದು. ಏನನ್ನು ತೆಗೆಯಲಿ ಎಂದು ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡು ವಿಡಿಯೊ ಓಡಿಸಿದೆ. ಊಟದ ಸಾಲು ತೆಗೆಯೋಣವೇ ಎಂದರೆ, ಅಲ್ಲಿ ಅವರ ನಾದಿನಿ ಕೂತಿದ್ದಾರೆ. ಮಂಟಪದ ಮೇಲೆ ಒಬ್ಬೊಬ್ಬರೇ ಬಂದು ಗಂಡುಹೆಣ್ಣಿಗೆ ಅಕ್ಷತೆ ಹಾಕಿ, ಕ್ಯಾಮೆರಾ ಕಡೆ ತಿರುಗಿ ನಿಂತು ಹೋಗುವ ಒಂದೂವರೆ ಗಂಟೆಯ ಸಾಲನ್ನು ತೆಗೆಯೋಣವೇ ಎಂದರೆ, ಅದರಲ್ಲಿ ಇಡೀ ಊರಿದೆ. ಯಾರನ್ನು ತೆಗೆದರೂ ಇನ್ನೊಂದು ಮನೆಯ ಮಾತು ಬಿಡುತ್ತದೆ, ಇರೋ ಒಂದು ಜಗಳವೇ ಸಾಕು ಎಂದು ಕೈ ಮುಗಿದರು. ಎಂಟು ನಿಮಿಷ ಹಸುವೊಂದು ಕಲ್ಯಾಣ ಮಂಟಪದ ಹೊರಗೆ ನಿಂತಿದ್ದ ಭಾಗವನ್ನು ಮಾತ್ರ ತೆಗೆಯಲು ಒಪ್ಪಿದರು. ಅಷ್ಟು ಹೊತ್ತು ಆ ಹಸುವನ್ನು ನಾನೇಕೆ ತೆಗೆದಿದ್ದೆನೋ ಆ ದೇವರಿಗೇ ಗೊತ್ತು.

ಅವರನ್ನು ಊರಿಗೆ ಕಳಿಸಿ ಒಬ್ಬನೇ ಕೂತೆ. ಆಗ ನನ್ನ ಕಣ್ಣಿಗೆ ಬಿದ್ದದ್ದು ನನ್ನದೇ ಕೈಚಳಕ. ಧಾರೆಯ ಉದ್ದಕ್ಕೂ ಮೇಲಿನಿಂದ ಗುಲಾಬಿ ಎಸಳು ಉದುರುವ ಎಫೆಕ್ಟ್ ಹಾಕಿದ್ದೆ. ಮಾಂಗಲ್ಯ ಕಟ್ಟುವಾಗ ಮಿಂಚು, ಹಾರ ಬದಲಿಸುವಾಗ ಹೃದಯಗಳು, ಯಾರಾದರೂ ನಕ್ಕರೆ ನಕ್ಷತ್ರ. ಚಿತ್ರದಲ್ಲಿ ಅಲುಗಾಡುವುದು ಹೆಚ್ಚಿದಷ್ಟೂ ಬಿಟ್‌ರೇಟ್ ಅದಕ್ಕೇ ಸುರಿದುಹೋಗುತ್ತದೆ. ಒಂದೊಂದು ಎಸಳೂ ಒಂದೊಂದು ಮುಖದ ಪಾಲನ್ನು ತಿಂದಿತ್ತು. ಇಪ್ಪತ್ತು ವರ್ಷದಿಂದ ನಾನು ಈ ಎಸಳು ಉದುರಿಸಿ ಹೆಸರು ಮಾಡಿದವನು. ಎಲ್ಲವನ್ನೂ ಕಿತ್ತು ಹಾಕಿದೆ. ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು.

ಆ ಒಂದೂವರೆ ಗಂಟೆಯ ಅಕ್ಷತೆಯ ಸಾಲಿಗೂ ಒಂದು ಉಪಾಯ ಹೊಳೆಯಿತು. ಯಾರನ್ನೂ ತೆಗೆಯುವುದು ಬೇಡ, ಆದರೆ ಯಾರೂ ಅಲುಗಾಡುವುದೂ ಬೇಡ. ಪ್ರತಿಯೊಬ್ಬರೂ ಕ್ಯಾಮೆರಾ ನೋಡಿದ ಕ್ಷಣವನ್ನು ಫೋಟೊದಂತೆ ನಿಲ್ಲಿಸಿ, ಅವರು ನಿಂತಷ್ಟು ಹೊತ್ತೂ ಅದೇ ಚಿತ್ರ ಇಟ್ಟೆ. ಕದಲದ ಚಿತ್ರಕ್ಕೆ ಬಿಟ್‌ರೇಟ್ ಹೆಚ್ಚುಕಡಿಮೆ ಬೇಕೇ ಆಗುವುದಿಲ್ಲ. ಊರಿನ ಅಷ್ಟೂ ಜನ ಉಳಿದರು, ಅವರ ಪಾಲು ಮಾತ್ರ ಮಿಕ್ಕಿತು. ಇದಕ್ಕೆ ಪೂರ್ತಿ ಎರಡು ದಿನ ಹಿಡಿಯಿತು. ಚಿತ್ರದ ಅಳತೆಯನ್ನು ಒಂದು ಮೆಟ್ಟಿಲು ಇಳಿಸಿ, ಎಕ್ಸ್‌ಪೋರ್ಟ್ ಎರಡು ಸುತ್ತು ಓಡುವಂತೆ ಹಾಕಿದೆ. ಮೊದಲ ಸುತ್ತಿನಲ್ಲಿ ಕಂಪ್ಯೂಟರು ಎಲ್ಲಿ ಎಷ್ಟು ಬೇಕು ಎಂದು ನೋಡಿಕೊಳ್ಳುತ್ತದೆ, ಎರಡನೆಯದರಲ್ಲಿ ಬಡಿಸುತ್ತದೆ. ಅದು ಮುಕ್ಕಾಲು ಓಡಿದಾಗ ಕರೆಂಟು ಹೋಯಿತು, ಯುಪಿಎಸ್ ಹತ್ತು ನಿಮಿಷ ಕಿರುಚಿ ಸತ್ತಿತು. ಮತ್ತೆ ಮೊದಲಿಂದ.

ಕೊನೆಗೆ ಮೂರು ಮುಕ್ಕಾಲು ಜಿಬಿಯ ಫೈಲು ಸಿಕ್ಕಿತು. ಧಾರೆಯ ಜಾಗ ಎಷ್ಟು ನಿಚ್ಚಳವಾಗಿದೆ ಎಂದು ಮೂಲದ ಜೊತೆ ಇಟ್ಟು ನೋಡಬೇಕಲ್ಲ, ಅದಕ್ಕೆ ಆ ಅರ್ಧ ನಿಮಿಷದ ಮೂಲವನ್ನು ಮೊದಲ ಸಲ ಪೂರ್ತಿ ಅಳತೆಯಲ್ಲಿ ತೆರೆದೆ.

ಹಸಿರು ಸೀರೆಯ ಅಕ್ಕ ಮಂಟಪ ಹತ್ತಿದರು. ಯಾರೋ ಕೈಗೆ ಗಿಂಡಿ ಕೊಟ್ಟರು. ಗಿಂಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ತೆಗೆದು, ಮಗನ ಕೈಯ ಕಡೆ ಬಾಗಿದರು. ಅಷ್ಟರಲ್ಲಿ ಬಲಗಡೆಯಿಂದ ಒಂದು ತೋಳು ಬಂತು. ಅವರ ಭುಜಕ್ಕೆ ಅಂಗೈ ಕೊಟ್ಟು ಪಕ್ಕಕ್ಕೆ ಸರಿಸಿತು. ಮೆತ್ತಗೇನಲ್ಲ, ಅವರು ಎರಡು ಹೆಜ್ಜೆ ಹಿಂದೆ ಹೋದರು. ಸೋದರಮಾವ ಮುಂದೆ ಬಂದು ಎರೆದರು, ಅವರ ಹಿಂದೆ ಜನ ನುಗ್ಗಿತು. ಹಸಿರು ಸೀರೆ ಗಿಂಡಿ ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತು ಮೆಟ್ಟಿಲಿಳಿಯಿತು. ತೋಳಿನಲ್ಲಿ ಕಪ್ಪು ಪಟ್ಟಿಯ ಗಡಿಯಾರ ಇತ್ತು. ನೀಲಿ ಗೀಟಿನ ಶರ್ಟು ಇತ್ತು. ಆ ಶರ್ಟು ನನ್ನದು, ತೋಳೂ ನನ್ನದು.

ನನಗೆ ನೆನಪೇ ಇಲ್ಲ. ಅದೇ ನನ್ನನ್ನು ಹೆಚ್ಚು ಅಲುಗಿಸಿದ್ದು. ಧಾರೆಯ ಹೊತ್ತಿನಲ್ಲಿ ಜನ ಕ್ಯಾಮೆರಾಗೆ ಅಡ್ಡ ಬರುತ್ತಾರೆ, ಸೈಡಿಗೆ ಬನ್ನಿ, ಸೈಡಿಗೆ ಬನ್ನಿ ಎಂದು ಒಂದು ಕೈಯಲ್ಲಿ ಕ್ಯಾಮೆರಾ ಹಿಡಿದು ಇನ್ನೊಂದು ಕೈಯಲ್ಲಿ ಸರಿಸುವುದು ನಮ್ಮ ಕಸುಬಿನಲ್ಲಿ ಉಸಿರಾಟದಷ್ಟು ಸಲೀಸು. ಎಷ್ಟು ಮಂಟಪಗಳಲ್ಲಿ ಎಷ್ಟು ಭುಜಗಳನ್ನು ಹೀಗೆ ಸರಿಸಿದ್ದೇನೋ ಲೆಕ್ಕವಿಟ್ಟವರಿಲ್ಲ.

ಆಮೇಲೆ ನಡೆದದ್ದನ್ನೂ ಮುಚ್ಚಿಡದೆ ಹೇಳುತ್ತೇನೆ. ಬಿಟ್‌ರೇಟ್ ಒಂದಿಷ್ಟು ಇಳಿಸಿದರೆ ಆ ತೋಳು ಯಾರದೆಂದು ಯಾರಿಗೂ ಗೊತ್ತಾಗುವುದಿಲ್ಲ. ಮೂರನೆಯ ಸಲ ಕೊಟ್ಟ ಫೈಲಿನಲ್ಲಿ ಅದು ಬರೀ ನೀಲಿ ಮಸುಕು. ಇಲ್ಲವೇ ಗಿಂಡಿ ಹಿಡಿದು ಬಾಗುವ ಕ್ಷಣಕ್ಕೇ ಕತ್ತರಿಸಿದರೆ, ಎರೆದಂತೆಯೇ ಕಾಣುತ್ತದೆ. ತಂಗಿಗೆ ಬೇಕಾಗಿದ್ದೂ ಅದೇ ತಾನೇ? ಸಂಖ್ಯೆ ಇಳಿಸಿ ಎಕ್ಸ್‌ಪೋರ್ಟಿಗೆ ಹಾಕಿ, ಟೀ ಕುಡಿಯಲು ಹೋದೆ. ಅರ್ಧ ಲೋಟದಲ್ಲೇ ಅಕ್ಕ ನೆನಪಾದರು. ನೆಂಟರ ಮುಂದೆ ಸುಳ್ಳುಗಾತಿ ಎನಿಸಿಕೊಂಡು ನಾಲ್ಕು ತಿಂಗಳಿಂದ ಬಾಯಿ ಮುಚ್ಚಿ ಕೂತಿರುವವರು ಅವರು. ಅವರ ಮನೆಗೆ ನನ್ನ ಮಸುಕು ವಿಡಿಯೊ ಹೋಗಿ ಇನ್ನೊಂದು ಸಲ ಸುಳ್ಳುಗಾತಿ ಮಾಡುತ್ತದೆ. ವಾಪಸು ಬಂದು ಎಕ್ಸ್‌ಪೋರ್ಟ್ ನಿಲ್ಲಿಸಿದೆ.

ಮಾರನೆಯ ದಿನ ಮುಳ್ಳೂರಿನ ತಾಯಿ ಬಂದಾಗ ಅವರನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಮೂಲವನ್ನೇ ತೋರಿಸಿದೆ. ನಿಮ್ಮಕ್ಕ ಸುಳ್ಳು ಹೇಳಿಲ್ಲ ಕಣಮ್ಮ, ತಳ್ಳಿದವನು ನಾನು ಎಂದೆ. ಅವರು ಬಯ್ಯುತ್ತಾರೆ ಎಂದುಕೊಂಡಿದ್ದೆ. ಬಯ್ದಿದ್ದರೆ ಚೆನ್ನಾಗಿತ್ತು. ಎರಡು ಸಲ ನೋಡಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಇದನ್ನೇ ಹಾಕಿಕೊಡಿ, ನೀವೂ ಬನ್ನಿ ಎಂದರು. ಆ ಮೂರು ಮುಕ್ಕಾಲು ಜಿಬಿಯ ಫೈಲನ್ನೇ ತುಂಬಿಕೊಟ್ಟು, ಸ್ಟುಡಿಯೋಗೆ ಬೀಗ ಹಾಕಿ ಹೊರಟೆ. ಹನೂರಿನಲ್ಲಿ ಬಸ್ಸು ಬದಲಿಸಿ ಬಂಡಳ್ಳಿಗೆ ಹೋಗುವವರೆಗೂ ಆಕೆ ಸೆರಗಿನ ಗಂಟನ್ನು ಹಿಡಿದುಕೊಂಡೇ ಇದ್ದರು. ದಾರಿಯುದ್ದಕ್ಕೂ ನಾನು ಆ ಟಿವಿ ಮಾಡಿದವರನ್ನು, ಪೆನ್‌ಡ್ರೈವ್ ಮಾಡಿದವರನ್ನು ಮನಸ್ಸಿನಲ್ಲೇ ಶಪಿಸುತ್ತಾ ಕೂತಿದ್ದೆ. ನನ್ನನ್ನು ಬೈದುಕೊಳ್ಳುವುದಕ್ಕಿಂತ ಅದು ಸುಲಭವಿತ್ತು.

ಅಕ್ಕ ನಮ್ಮನ್ನು ನೋಡಿ ಬಾಗಿಲು ತೆರೆದೇ ಬಿಟ್ಟು ಒಳಗೆ ಹೋದರು. ಟಿವಿಗೆ ಪೆನ್‌ಡ್ರೈವ್ ಚುಚ್ಚಿದೆ, ಓಡಿತು. ಮುಂದಕ್ಕೆ ಓಡಿಸಲು ಬಿಡಲಿಲ್ಲ, ಮೊದಲಿಂದಲೇ ನೋಡಿದರು. ಏನಿಲ್ಲವೆಂದರೂ ಎರಡು ಗಂಟೆ ಕೂತೆವು. ಧಾರೆ ಬಂತು. ತೋಳು ಬಂತು. ಇದು ನನ್ನ ಕೈ ತಾಯಿ, ತಪ್ಪು ನನ್ನದು ಎಂದೆ.

“ನಿಮ್ ಕೈ ಅಂತ ನಂಗೆ ಅವತ್ತೇ ಗೊತ್ತು ಸಾ” ಎಂದರು. “ಅದಲ್ಲ ನಾ ನೋಡ್ಬೇಕಾಗಿರೋದು. ಇನ್ನೊಂದ್ಸಲ ಆಕಿ.”

ಹಿಂದಕ್ಕೆ ಹೋಗಿ ಮತ್ತೆ ಹಾಕಿದೆ. ಅವರು ಎದ್ದು ಟಿವಿಯ ಹತ್ತಿರ ಹೋಗಿ ನಿಂತರು. ನೋಡಿದ್ದು ನನ್ನ ತೋಳನ್ನಲ್ಲ, ತಮ್ಮನ್ನೂ ಅಲ್ಲ. ಗಂಡಿನ ಪಕ್ಕದಲ್ಲಿ ನಿಂತಿದ್ದ ತಂಗಿಯ ಮುಖವನ್ನು. ಅಕ್ಕನನ್ನು ಸರಿಸಿದ ಕ್ಷಣದಲ್ಲಿ ತಂಗಿ ನೆಟ್ಟಗೆ ನನ್ನ ಕೈಕ್ಯಾಮೆರಾವನ್ನೇ ನೋಡುತ್ತಾ ನಗುತ್ತಿದ್ದರು. ಗಂಡಿನ ತಾಯಿ ಈ ಕಡೆ ನೋಡಿ, ಈ ಕಡೆ ನೋಡಿ ಎಂದು ನಾನೇ ಕೂಗಿದ್ದು ಸ್ಪಷ್ಟವಾಗಿ ಕೇಳಿಸುತ್ತಿತ್ತು.

“ನೀ ನೋಡ್ನೇ ಇಲ್ವಲ್ಲೇ” ಎಂದರು ಅಕ್ಕ. ನಾಲ್ಕು ತಿಂಗಳಲ್ಲಿ ತಂಗಿಗೆ ಆಡಿದ ಮೊದಲ ಮಾತು ಅದು. “ನೋಡ್ಕಂಡೂ ಸುಮ್ಕಿದ್ಲು ಅಂದ್ಕಂಡಿದ್ದೆ ಕಣೇ.”

ತಂಗಿ ಎದ್ದು ಹೋಗಿ ಅಕ್ಕನ ಕೈ ಹಿಡಿದುಕೊಂಡರು. ಟಿವಿಯಲ್ಲಿ ನಾನು ಎರಡು ದಿನ ಕೂತು ನಿಲ್ಲಿಸಿದ ಜನ ಒಬ್ಬರಾದ ಮೇಲೆ ಒಬ್ಬರು ಬಂದು ನಿಲ್ಲುತ್ತಿದ್ದರು, ಯಾರೂ ನೋಡುತ್ತಿರಲಿಲ್ಲ. ತಂಗಿ ಮೆಲ್ಲಗೆ, ಹಾಗಾದರೆ ನೀನು ಎರೆಯಲೇ ಇಲ್ಲವಲ್ಲ ಅಕ್ಕ, ಗಿಂಡಿ ಹಿಡಿದೇ ಇಳಿದುಬಿಟ್ಟೆಯಲ್ಲ, ಆ ಹಾಲು ಏನು ಮಾಡಿದೆ ಎಂದು ಕೇಳಿದರು.

“ಮಂಟಪದ್ ಇಂದ್ಗಡೆ ಒಂದ್ ತೆಂಗಿನ್ ಸಸಿ ಇತ್ತು. ಅದ್ರ ಬುಡ್ಕೆ ಉಯ್ದೆ, ಗಂಡು ಎಣ್ಣು ಇಬ್ರ ಎಸ್ರೂ ಏಳಿ. ಅಲ್ಲಿ ಯಾರೂ ತಳ್ಳೋರು ಇರ್ನಿಲ್ಲ.”